ಇಳಿಜಾರು ಮೇಸ್ತ್ರಿಯೂ ಕಾಣೆಯಾದ ನೀರೂ

ಯಾರ ಮನೆಗೆ ಹೋದರೂ ಕುಡಿಯಲು ಕೊಟ್ಟ ನೀರಿನಲ್ಲಿ ಅರ್ಧ ಕುಡಿದು, ಉಳಿದರ್ಧವನ್ನು ಮೆಲ್ಲಗೆ ನೆಲಕ್ಕೆ ಚೆಲ್ಲುವ ಮನುಷ್ಯನನ್ನು ಏನೆಂದು ಕರೆಯಬೇಕು? ಊರವರು ‘ಇಳಿಜಾರು ಮೇಸ್ತ್ರಿ’ ಎಂದು ಕರೆದರು. ಗಾರೆ ಕೆಲಸದವರು ಅವರು. ಬಚ್ಚಲೋ ತಾರಸಿಯೋ ಅಡುಗೆಮನೆಯೋ, ಒಂದು ನೆಲ ಕಂಡರೆ ಸಾಕು, ಅದರ ಮೇಲೆ ಬಿದ್ದ ನೀರು ಯಾವ ಕಡೆ ಹೋಗುತ್ತದೆ ಎಂದು ನೋಡುವವರೆಗೆ ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ನೀರು ಚೆಲ್ಲಿ, ಕತ್ತು ಓರೆ ಮಾಡಿ, ಅದು ಹೊರಟ ದಾರಿಯನ್ನೇ ನೋಡುತ್ತ ಕೂರುವರು. ನೆಂಟರು ಮೊದಮೊದಲು ಬೈದರು, ಆಮೇಲೆ ನಕ್ಕರು, ಕೊನೆಕೊನೆಗೆ ಲೋಟದ ಜೊತೆ ಒರೆಸುವ ಬಟ್ಟೆಯನ್ನೂ ತಂದಿಡತೊಡಗಿದರು.

ಮದುವೆಗೆ ಮುಂಚೆ ಹುಡುಗಿಯ ಮನೆಗೆ ಮೊದಲ ಸಲ ಹೋದಾಗಲೂ ಈ ಬುದ್ಧಿ ಬಿಡಲಿಲ್ಲ. ಚೆಲ್ಲಿದ ನೀರು ಬಾಗಿಲ ಕಡೆ ಹೋಗುವ ಬದಲು ನಡುಮನೆಗೆ ಬಂದು, ಮುಂದೆ ಮಾವನಾಗಬೇಕಾದವರ ಕಾಲಡಿ ಸೇರಿತು. ‘ಪಾಪ, ಹುಡುಗನಿಗೆ ಗಾಬರಿ, ಕೈ ನಡುಗ್ತಿದೆ’ ಎಂದು ಹುಡುಗಿಯ ತಾಯಿ ಮರುಗುತ್ತಿದ್ದರೆ, ಹುಡುಗ ಕತ್ತೆತ್ತಿ, ‘ಈ ನೆಲ ಹಾಕಿದ ಪುಣ್ಯಾತ್ಮ ಯಾರು?’ ಎಂದು ಕೇಳಿಬಿಟ್ಟ. ಹಾಕಿದ ಪುಣ್ಯಾತ್ಮ ಎದುರಿಗೇ ಕೂತಿದ್ದರು, ಒದ್ದೆ ಕಾಲು ಎತ್ತಿಕೊಂಡು. ಮದುವೆಯೇನೋ ಹೇಗೋ ಆಯಿತು. ಆದ ಮೇಲೆ ಅಳಿಯ ಹೋಗಿ ಆ ನೆಲ ಕಿತ್ತು ಹೊಸದಾಗಿ ಹಾಕಿಕೊಟ್ಟ. ಮಾವ ಬದುಕಿರುವ ತನಕ ಆ ನೆಲದ ಬಗ್ಗೆ ಒಂದು ಮಾತೂ ಆಡಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದೂ ಇಲ್ಲ.

ಹೀಗೆ ನೀರಿನ ಹಿಂದೆ ಬಿದ್ದು ಬದುಕಿದವರಿಗೆ ಮಂಡಿ ಕೈಕೊಟ್ಟಿತು. ನೆಲ ಹಾಕುವವನಿಗೆ ಮಂಡಿ ಹೋಯಿತೆಂದರೆ ಹಾಡುವವನಿಗೆ ಗಂಟಲು ಹೋದ ಹಾಗೆ. ಹೊರಗಿನ ಕೊನೆಯ ಕೆಲಸದಲ್ಲಿ ಅವರಿಗೆ ಬಗ್ಗಿ ನೋಡಲಾಗಲಿಲ್ಲ, ನಿಂತೇ ಹೇಳಿದರು, ಜೊತೆಯವರು ತಮಗೆ ತಿಳಿದ ಹಾಗೆ ಮಾಡಿದರು. ಮಳೆ ಬಂದಾಗ ಮೊಗಸಾಲೆಯ ನೀರೆಲ್ಲ ಮನೆಯೊಳಗೆ ಬಂತು. ಮನೆಯ ಯಜಮಾನ ಬೈಯಲಿಲ್ಲ. ‘ಸಾಕು ಮೇಸ್ತ್ರಿ, ಇನ್ನು ಮನೇಲಿ ಆರಾಮಾಗಿರಿ’ ಅಂದ. ಬೈದಿದ್ದರೇ ಚೆನ್ನಾಗಿತ್ತು. ಮೇಸ್ತ್ರಿ ಮನೆಗೆ ಬಂದು ಕರಣೆ, ರಸಮಟ್ಟ, ತೂಕದ ಗುಂಡು ಎಲ್ಲವನ್ನೂ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದರು. ಆಮೇಲೆ ಬಾಯಿಗೆ ಬೀಗ ಜಡಿದುಕೊಂಡು ಕೂತರು. ಹೆಂಡತಿ ತೀರಿಕೊಂಡಾಗಲೂ ಅಷ್ಟು ದಿನ ಮೌನವಾಗಿದ್ದವರಲ್ಲ.

ಮನೆಯಲ್ಲಿ ಇದ್ದದ್ದು ಮಗ ಮತ್ತು ಸೊಸೆ. ಮಗ ಬಸ್ಸು ಓಡಿಸುತ್ತಿದ್ದ, ಬೆಳಗಾಗುವ ಮೊದಲೇ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದ. ಸೊಸೆ ಡಬ್ಬಿಗಳಿಗೆ ಮುಚ್ಚಳ ಹಾಕುವ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಮಾಡುವ ಕೆಲಸದಲ್ಲಿದ್ದಳು. ಹಿಮ್ಮಡಿ ಊದಿಕೊಂಡು, ಮನೆಗೆ ಬಂದರೆ ಗೋಡೆ ಹಿಡಿದು ನಡೆಯುವಳು. ಒಂದು ದಿನ ಆ ಕೆಲಸಕ್ಕೆ ಕೈ ಮುಗಿದು, ಕ್ಷೌರದಂಗಡಿಯ ಟವೆಲುಗಳನ್ನು ತಂದು ಒಗೆದುಕೊಡುವ ಕೆಲಸ ಹಿಡಿದಳು. ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವ ಜಾತಿ ಅವಳದು. ಮನೆಯ ಹಿಂದೆ ಹಾಳು ಬಿದ್ದ ಒಂದು ಕೋಣೆ ಇತ್ತು, ಮಣ್ಣು ನೆಲದ್ದು. ಅದನ್ನು ತೋರಿಸಿ ಕೇಳಿದಳು.

‘ಮಾವ, ಇದಕ್ಕೊಂದು ನೆಲ ಹಾಕ್ಕೊಡ್ತೀರಾ? ಬಟ್ಟೆ ಒಗೆಯೋಕೆ.’

‘ನನ್ನ ಕೈಲಿ ಎಲ್ಲಾಗುತ್ತಮ್ಮಾ? ಬೇರೆ ಯಾರನ್ನಾದ್ರೂ ಕರೆಸು.’

‘ಬೇರೆಯವರು ಹಾಕಿದ ನೆಲದ ಮೇಲೆ ನೀವು ದಿನಾ ಲೋಟ ಹಿಡ್ಕೊಂಡು ಓಡಾಡ್ತೀರಿ. ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ.’

ಮಂಚದ ಕೆಳಗಿನ ಚೀಲ ಹೊರಗೆ ಬಂತು. ಗಿಡ್ಡ ಸ್ಟೂಲಿನ ಮೇಲೆ ಕೂತು, ಸ್ಟೂಲನ್ನೇ ಸರಿಸಿಕೊಂಡು ಸರಿಸಿಕೊಂಡು, ಗೇಣು ಗೇಣು ನೆಲ ಹಾಕಿದರು. ಹಿಂದಿನ ಗೋಡೆಯಿಂದ ಬಾಗಿಲ ಪಕ್ಕದ ಮೋರಿಯ ತೂತಿನವರೆಗೆ ಕಣ್ಣಿಗೆ ಕಾಣದಷ್ಟು, ಆದರೆ ನೀರಿಗೆ ಗೊತ್ತಾಗುವಷ್ಟು ಇಳಿಜಾರು. ಒಣಗಿದ ಮೇಲೆ ಗೋಡೆಯ ಬುಡದಲ್ಲಿ ಒಂದು ಲೋಟ ನೀರು ಚೆಲ್ಲಿದರು. ನೀರು ಎಲ್ಲೂ ನಿಲ್ಲದೆ, ಯಾರನ್ನೂ ದಾರಿ ಕೇಳದೆ, ಸೀದಾ ತೂತಿಗೆ ಹೋಗಿ ಗಳಕ್ ಎಂದಿತು. ಮೇಸ್ತ್ರಿ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿಸಿದ ನಗು ಅದು. ಸೊಸೆ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು, ನೋಡಿ ನೆನಪಿಟ್ಟುಕೊಂಡಳು.

ಕೆಲಸ ಬೆಳೆಯಿತು. ಕೈಕಾಲು ನೋವಿಗೆ ವ್ಯಾಯಾಮ ಮಾಡಿಸುವ ಒಂದು ಚಿಕಿತ್ಸಾಲಯದವರು ತಮ್ಮ ಟವೆಲುಗಳನ್ನೂ ಕೊಡುತ್ತೇವೆಂದರು, ಮೊದಲು ಸ್ವಲ್ಪ ದಿನ ನೋಡುತ್ತೇವೆ, ಸರಿಯಾದರೆ ಕಾಯಂ ಎಂದರು. ದಿನಾ ಮಧ್ಯಾಹ್ನದ ಹೊತ್ತಿಗೆ ಒಣಗಿದ ಗಂಟು ಅಲ್ಲಿರಬೇಕು. ಸುತ್ತ ಎತ್ತರದ ಕಟ್ಟಡಗಳು, ಹಿತ್ತಲಿಗೆ ಬಿಸಿಲು ಬೀಳುವುದೇ ನೆಂಟರು ಬಂದ ಹಾಗೆ, ಯಾವಾಗಲೋ ಒಮ್ಮೆ. ಹಗ್ಗಕ್ಕೆ ಹಾಕಿದ ದಪ್ಪ ಟವೆಲು ಒಣಗುವಷ್ಟರಲ್ಲಿ ಚಿಕಿತ್ಸಾಲಯದವರಿಗೇ ನೋವು ಶುರುವಾಗುತ್ತಿತ್ತು. ಹಾಗಾಗಿ ಸೊಸೆ ಬಟ್ಟೆ ಒಣಗಿಸುವ ಯಂತ್ರವೊಂದನ್ನು ಕೊಂಡಳು, ಒಬ್ಬರು ಬಳಸಿ ಬಿಟ್ಟದ್ದು. ಅದನ್ನು ಕೋಣೆಯ ಹಿಂದಿನ ಗೋಡೆಗೆ ಆನಿಸಿ ನಿಲ್ಲಿಸಿದರು. ನೆಲಕ್ಕೆ ತಕ್ಕಂತೆ ಎತ್ತರ ಹೊಂದಿಸಲು ಅದಕ್ಕೆ ತಿರುಪಿನ ಕಾಲುಗಳಿದ್ದವು, ಆದರೆ ತುಕ್ಕು ಹಿಡಿದು, ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

ಯಂತ್ರ ತಂದುಕೊಟ್ಟವನನ್ನು ಮೇಸ್ತ್ರಿ ಸುಲಭಕ್ಕೆ ಬಿಡಲಿಲ್ಲ.

‘ಇದರ ಹೊಗೆ ಎಲ್ಲಿಗೆ ಹೋಗುತ್ತಪ್ಪಾ? ಗೋಡೆಗೆ ತೂತು ಕೊರೀಬೇಕಾ?’

‘ಇದಕ್ಕೆ ತೂತು ಬೇಡ ತಾತ. ಬಿಸಿಗಾಳಿ ಒಳಗೇ ಸುತ್ತುತ್ತೆ. ಬಟ್ಟೆಯಿಂದ ನೀರನ್ನ ಆವಿ ಮಾಡಿ ಎಳ್ಕೊಂಡು, ಕೆಳಗಿರೋ ಈ ತಣ್ಣನೆ ಡಬ್ಬದ ಮೇಲೆ ಹಾದುಹೋಗುತ್ತೆ. ಅಲ್ಲಿ ಆವಿ ಮತ್ತೆ ನೀರಾಗಿ ತೊಟ್ಟಿಕ್ಕುತ್ತೆ.’

‘ತೊಟ್ಟಿಕ್ಕಿ?’

‘ಅಡಿಯಲ್ಲೊಂದು ತೊಟ್ಟಿ ಇದೆ. ಅದರ ಹಿಂಭಾಗದಲ್ಲಿ ಪುಟ್ಟ ಪಂಪು. ಅದು ನೀರನ್ನ ಮೇಲಕ್ಕೆತ್ತಿ ಈ ಪೆಟ್ಟಿಗೆಗೆ ತುಂಬಿಸುತ್ತೆ. ಪೆಟ್ಟಿಗೆ ಎಳೀರಿ, ನೀರು ಚೆಲ್ಲಿರಿ, ಮತ್ತೆ ತಳ್ಳಿರಿ. ಅಷ್ಟೆ.’

ಮೇಸ್ತ್ರಿಗೆ ಇದು ತಲೆಗೇ ಹತ್ತಲಿಲ್ಲ. ಅಂದರೆ ಅರ್ಥವಾಗಲಿಲ್ಲವೆಂದಲ್ಲ, ಒಪ್ಪಿಗೆಯಾಗಲಿಲ್ಲ. ತಾನಾಗಿ ಕೆಳಗಿಳಿದ ನೀರನ್ನು ಹಿಡಿದು ಮತ್ತೆ ಮೇಲಕ್ಕೆ ಹತ್ತಿಸುವುದೇ? ಜೀವಮಾನವೆಲ್ಲ ನೀರನ್ನು ಇಳಿಸಿದ ಮನುಷ್ಯನಿಗೆ ಇದು ಸುಮ್ಮನೆ ಕಾಲು ಕೆರೆದು ಜಗಳಕ್ಕೆ ಹೋದ ಹಾಗೆ ಕಂಡಿತು. ಆದರೆ ಕುತೂಹಲ ತಡೆಯಲಿಲ್ಲ. ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು, ಗಾಜಿನ ಬಾಗಿಲಲ್ಲಿ ಟವೆಲುಗಳು ಉರುಳುವುದನ್ನು ನೋಡುತ್ತ ಕೂತರು.

ತೊಂದರೆ ಶುರುವಾದದ್ದು ಮೊದಲ ಗಂಟಿನಲ್ಲೇ. ಯಂತ್ರ ತನ್ನ ಪಾಡಿಗೆ ತಿರುಗಿ, ಗಂಟೆ ಬಾರಿಸಿ ನಿಂತಿತು. ಬಾಗಿಲು ತೆಗೆದರೆ ಟವೆಲುಗಳು ಬಿಸಿಯಾಗಿವೆ, ಆದರೆ ಹಸಿ. ಮೇಲಿನ ಪೆಟ್ಟಿಗೆ ಎಳೆದರೆ ಅದರಲ್ಲಿ ಬೊಗಸೆ ನೀರೂ ಇಲ್ಲ. ಪೆಟ್ಟಿಗೆ ತುಂಬಿದರೆ ಹತ್ತಬೇಕಾದ ಕೆಂಪು ದೀಪವೂ ಹತ್ತಿಲ್ಲ. ಎಲ್ಲ ಸರಿಯಿದೆ ಅನ್ನುವ ಮುಖ ಮಾಡಿಕೊಂಡು ನಿಂತಿದೆ ಯಂತ್ರ.

‘ಬಟ್ಟೆಯಲ್ಲಿ ಅಷ್ಟು ನೀರಿತ್ತಲ್ಲ, ಎಲ್ಲಿ ಹೋಯ್ತು?’ ಎಂದು ಮೇಸ್ತ್ರಿ ಕೇಳಿದರು. ಸೊಸೆಯನ್ನು ಕೇಳಿದ್ದಲ್ಲ, ಯಂತ್ರವನ್ನು. ಟವೆಲುಗಳು ಮೊದಲಿಗಿಂತ ಹಗುರವಾಗಿವೆ, ಅಂದರೆ ಸ್ವಲ್ಪ ನೀರು ಹೊರಗೆ ಬಂದಿದೆ. ಪೆಟ್ಟಿಗೆಯಲ್ಲಿ ಇಲ್ಲ. ನೆಲದ ಮೇಲೂ ನಿಂತಿಲ್ಲ. ಹಾಗಾದರೆ ಎಲ್ಲಿದೆ? ಈ ಪ್ರಶ್ನೆ ಅವರ ತಲೆಗೆ ಹುಳದಂತೆ ಹೊಕ್ಕಿತು. ನಿಜ ಹೇಳಬೇಕೆಂದರೆ ಅವರಿಗೆ ಒಳಗೊಳಗೇ ಖುಷಿಯೂ ಆಯಿತು. ಮನೆಯಲ್ಲಿ ಕೂತವರಿಗೆ ಕಳೆದುಹೋದ ನೀರನ್ನು ಹುಡುಕುವ ಕೆಲಸ ಸಿಕ್ಕಿತ್ತು.

ಆಮೇಲಿನ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಬೆಳಗಿನ ಗಂಟು ಹಸಿ, ಸಂಜೆಯ ಗಂಟು ಗರಿಗರಿ ಒಣ. ಬೆಳಿಗ್ಗೆ ಪೆಟ್ಟಿಗೆ ಖಾಲಿ, ಸಂಜೆ ತುಂಬಿ ತುಳುಕುತ್ತಿದೆ. ಸಂಜೆಯದು ಕ್ಷೌರದಂಗಡಿಗೆ ಹೋಗುವುದು, ಅವರು ಹಸಿಯೋ ಒಣವೋ ತಲೆ ಕೆಡಿಸಿಕೊಳ್ಳುವವರಲ್ಲ. ಬೆಳಗಿನದು ಚಿಕಿತ್ಸಾಲಯಕ್ಕೆ. ಅಲ್ಲಿನ ಮೇಲ್ವಿಚಾರಕಿ ಫೋನು ಮಾಡಿದಳು.

‘ನೋಡಮ್ಮಾ, ಟವೆಲ್ ಮಡಿಕೆ ಬಿಚ್ಚಿದ್ರೆ ಹಸಿ ವಾಸನೆ. ನೋವಿದ್ದೋರು ಮುಖ ಇಟ್ಟು ಮಲಗ್ತಾರೆ ಅದರ ಮೇಲೆ. ಈ ವಾರ ನೋಡ್ತೀನಿ. ಇನ್ನೊಂದು ಸಲ ಹೀಗಾದ್ರೆ ಬೇಜಾರು ಮಾಡ್ಕೋಬೇಡ, ಬೇರೆಯವರಿಗೆ ಕೊಡ್ತೀವಿ.’

ಸೊಸೆ ‘ಆಯ್ತಮ್ಮಾ’ ಎಂದು ಫೋನು ಇಟ್ಟು, ತನ್ನ ಹಿಮ್ಮಡಿಯನ್ನು ಒಮ್ಮೆ ನೋಡಿಕೊಂಡಳು. ಚಿಕಿತ್ಸಾಲಯ ಕೈಬಿಟ್ಟರೆ ಬರೀ ಕ್ಷೌರದಂಗಡಿಯಿಂದ ಮನೆ ನಡೆಯುವುದಿಲ್ಲ. ಮತ್ತೆ ಅದೇ ಕಾರ್ಖಾನೆ, ಅದೇ ಮುಚ್ಚಳ, ಅದೇ ನಿಲ್ಲುವುದು. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮೇಸ್ತ್ರಿ ಆ ನೋಟ ಕಂಡರು. ಅಂದಿನಿಂದ ಅವರ ಕುತೂಹಲಕ್ಕೆ ಭಯವೂ ಸೇರಿಕೊಂಡಿತು.

ಅವರು ಒಂದೊಂದಾಗಿ ಹಿಡಿದರು. ಬಾಗಿಲ ಬಳಿಯ ಜಾಲರಿ ಎಳೆದರೆ ಟವೆಲಿನ ಜುಂಗು ಹಾಸಿಗೆಯ ಹತ್ತಿಯಂತೆ ಕೂತಿತ್ತು. ಕಿತ್ತು ತೆಗೆದರು. ಕೆಳಗಿನ ತಣ್ಣನೆಯ ಡಬ್ಬವನ್ನು ಹೊರಗೆಳೆದು ನಲ್ಲಿಯಡಿ ಹಿಡಿದು ತೊಳೆದರು, ಬೂದು ಬಣ್ಣದ ಗಂಜಿಯಂಥ ನೀರು ಇಳಿಯಿತು. ನೀರು ಮೇಲಕ್ಕೆ ಹೋಗುವ ಹಿಂದಿನ ಕೊಳವೆ ಎಲ್ಲಾದರೂ ಮಡಚಿದೆಯೇ ಎಂದು ಬೆರಳಾಡಿಸಿ ನೋಡಿದರು. ಮೇಲಿನ ಪೆಟ್ಟಿಗೆಯನ್ನು ಪೂರ್ತಿ ತಳ್ಳಿದೆಯೇ, ಅದರ ಬಾಯಿ ಕಟ್ಟಿದೆಯೇ, ಅದನ್ನೂ ನೋಡಿದರು. ಎಲ್ಲ ಆದ ಮೇಲೂ ಬೆಳಿಗ್ಗೆ ಹಸಿ, ಸಂಜೆ ಒಣ.

‘ಬೆಳಿಗ್ಗೆ ಕರೆಂಟು ವೀಕು ಇರುತ್ತಮ್ಮಾ’ ಎಂದು ಒಂದು ದಿನ ಹೇಳಿದರು. ಮರುದಿನ ‘ಬೆಳಗಿನ ಥಂಡಿಗೆ ಪಂಪು ಮರಗಟ್ಟಿರುತ್ತೆ’ ಅಂದರು. ಅದರ ಮರುದಿನ, ಚಿಕಿತ್ಸಾಲಯದವರ ಟವೆಲಿನಲ್ಲೇ ಏನೋ ಐಬಿದೆ ಎಂದರು. ಸೊಸೆ ಎಲ್ಲದಕ್ಕೂ ‘ಇರಬಹುದು ಮಾವ’ ಎಂದಳು.

ಕೊನೆಗೆ ರಿಪೇರಿಯವನು ಬಂದ. ಬೆಳಕಿಗೆಂದು ಯಂತ್ರವನ್ನು ಹೊರಗಿನ ಓಣಿಯಂಥ ಜಾಗಕ್ಕೆ ಎಳೆದುಕೊಂಡು, ಹಿಂಬದಿ ಬಿಚ್ಚಿ, ಅಡಿತೊಟ್ಟಿಯಲ್ಲಿ ಪಂಪಿನ ಸುತ್ತ ಕಟ್ಟಿದ್ದ ಲೋಳೆ ತೆಗೆದ. ಒಂದು ಚೊಂಬು ನೀರು ಸುರಿದು ಪಂಪು ಓಡಿಸಿದ. ನೀರು ಸರಾಗ ಮೇಲೆ ಹೋಯಿತು. ಅಲ್ಲೇ ಒಂದು ಗಂಟು ಹಾಕಿ ನೋಡಿದರೆ, ಟವೆಲು ಒಣಗಿ, ಪೆಟ್ಟಿಗೆ ತುಂಬಿತು.

‘ಮಿಷನ್ ಚಿನ್ನದಂಗಿದೆ’ ಅಂದ.

‘ನೋಡಿದ್ಯಾ? ಈ ಕಡೆ ಕರೆಂಟು ಚೆನ್ನಾಗಿದೆ’ ಎಂದರು ಮೇಸ್ತ್ರಿ ಸೊಸೆಗೆ. ಆದರೆ ಅದನ್ನು ಅಲ್ಲೇ ಇಡುವಂತಿಲ್ಲ. ಇಟ್ಟರೆ ಮನುಷ್ಯರು ಕಿಟಕಿಯಿಂದ ಒಳಗೆ ಬರಬೇಕು. ಮತ್ತೆ ಕೋಣೆಗೆ ತಳ್ಳಿದರು.

ಹೊರಡುವಾಗ ರಿಪೇರಿಯವನು ಗೇಟಿನ ಬಳಿ ನಿಂತು ಸೊಸೆಗೆ ಏನೋ ಹೇಳಿದ, ಅಂಗೈಯನ್ನು ಓರೆ ಮಾಡಿ ತೋರಿಸಿದ. ಸೊಸೆ ತಟ್ಟನೆ ತುಟಿಗೆ ಬೆರಳಿಟ್ಟು, ಕಿಟಕಿಯ ಕಡೆ ಕಣ್ಣು ಹಾಯಿಸಿದಳು. ಕಿಟಕಿಯಲ್ಲಿ ಮೇಸ್ತ್ರಿ ಇದ್ದರು. ಆಸ್ಪತ್ರೆಯಲ್ಲಿ ರೋಗಿಗೆ ಕೇಳಿಸದ ಹಾಗೆ ಮನೆಯವರ ಹತ್ತಿರ ಮಾತಾಡುತ್ತಾರಲ್ಲ, ಹಾಗಿತ್ತು ಅದು. ಯಂತ್ರ ಉಳಿಯುವುದಿಲ್ಲ, ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡರು.

ಅದಕ್ಕೇ ಅವರು ಹಳೆಯ ವಿದ್ಯೆಗೆ ಇಳಿದರು. ತಾರಸಿ ಸೋರುವ ಮನೆಗಳಲ್ಲಿ ನೀರಿನ ಜಾಡು ಹಿಡಿಯಲು ಅವರದೊಂದು ಉಪಾಯವಿತ್ತು, ಒಣ ಸುಣ್ಣದ ಪುಡಿ. ತೆಳ್ಳಗೆ ಉದುರಿಸಿ ಕಾಯುವುದು. ಎಷ್ಟು ಸಣ್ಣ ಪಸೆ ಬಂದರೂ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬೆಳಿಗ್ಗೆ ಎಂದಿನಂತೆ ಕೋಣೆಯನ್ನು ಗುಡಿಸಿ, ಕಸ ತೆಗೆದು, ಯಂತ್ರದ ಸುತ್ತ ಪುಡಿ ಉದುರಿಸಿ, ಸ್ಟೂಲಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಸೊಸೆ ಬಾಗಿಲಿಗೆ ಬಂದು ಬಂದು ಹೋದಳು.

‘ಮಾವ, ತಿಂಡಿ ತಿನ್ನಿ, ಹೋಗಿ.’

‘ಆಮೇಲೆ.’

‘ಹೊರಗೆ ಸ್ವಲ್ಪ ಕೂತ್ಕೊಳ್ಳಿ, ಇಲ್ಲಿ ಸೆಕೆ.’

‘ನಂಗೇನೂ ಸೆಕೆ ಇಲ್ಲ.’

ಯಂತ್ರ ಅರ್ಧ ತಿರುಗುವಷ್ಟರಲ್ಲಿ ಗೆರೆ ಮೂಡಿತು. ಯಂತ್ರದ ಮುಂಭಾಗದ ಅಡಿಯಿಂದ ಹೊರಟು, ಎಲ್ಲೂ ಅಂಕುಡೊಂಕಿಲ್ಲದೆ, ಅವರೇ ಹಾಕಿದ ಇಳಿಜಾರಿನಲ್ಲಿ ಜಾರಿ, ಮೋರಿಯ ತೂತಿಗೆ ಸೇರಿತು. ಕಾಣೆಯಾದ ನೀರು ಸಿಕ್ಕಿತ್ತು! ಮೇಲಕ್ಕೆ ಹೋಗಬೇಕಾದದ್ದು ಮುಂದಿನಿಂದ ಸೋರಿ, ನಿಲ್ಲದೆ ಹೊರಟುಹೋಗುತ್ತಿತ್ತು. ನೆಲ ಅಷ್ಟು ಚೆನ್ನಾಗಿದ್ದುದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ‘ಅಡಿತೊಟ್ಟಿ ಬಿರುಕು ಬಿಟ್ಟಿದೆ!’ ಎಂದು ಮೇಸ್ತ್ರಿ ಕೂಗಿದರು. ಫೋನು ಬಂದ ಮೇಲಿನ ಎಲ್ಲ ದಿನಗಳಂತೆ ಅಂದಿನ ಟವೆಲುಗಳನ್ನೂ ಸೊಸೆ ಒಂದೊಂದಾಗಿ ಇಸ್ತ್ರಿಪೆಟ್ಟಿಗೆಯಡಿ ಒಣಗಿಸಿ, ಬೆವರು ಸುರಿಸಿಕೊಂಡು ಓಡಿದಳು. ಹೀಗೇ ಇನ್ನೆಷ್ಟು ದಿನ ಮಾಡಲಾದೀತು?

ಆದರೆ ಸಂಜೆಗೆ ಮೇಸ್ತ್ರಿ ಮತ್ತೆ ಪೆಚ್ಚಾದರು. ಹೊಸದಾಗಿ ಉದುರಿಸಿದ ಪುಡಿ ಹಾಲಿನಂತೆ ಬೆಳ್ಳಗೇ ಇತ್ತು. ಒಂದು ಹನಿ ಇಲ್ಲ. ಪೆಟ್ಟಿಗೆ ಭರ್ತಿ. ಬೆಳಿಗ್ಗೆ ಬಿರಿದು ಸಂಜೆ ಕೂಡಿಕೊಳ್ಳುವ ಬಿರುಕು ಎಲ್ಲಾದರೂ ಉಂಟೇ? ಬೆಳಗಿಗೂ ಸಂಜೆಗೂ ನಡುವೆ ಈ ಕೋಣೆಯಲ್ಲಿ ಏನು ಆಗುತ್ತದೆ? ಆ ಹೊತ್ತಿನಲ್ಲಿ ಅವರು ಉಂಡು ಮಲಗಿರುತ್ತಾರೆ. ಅಂದರೆ ಅವರು ಮಲಗಿದಾಗಲೇ ಏನೋ ಆಗುತ್ತದೆ.

ಮರುದಿನ ಉಂಡು, ಗೋಡೆಗೆ ಮುಖ ಮಾಡಿ ಮಲಗಿ, ಗೊರಕೆಯನ್ನೂ ಹೊಡೆದರು. ಗೊರಕೆಯಲ್ಲಿ ಅವರದು ಎತ್ತಿದ ಕೈ, ಯಾರಿಗೂ ಅನುಮಾನ ಬರುವಂತಿಲ್ಲ. ಸೊಸೆಯ ಹೆಜ್ಜೆ ಹಿಂದಿನ ಕೋಣೆಗೆ ಹೋದದ್ದೇ ಎದ್ದರು. ಮಂಡಿ ಕಟಕ್ ಎನ್ನದ ಹಾಗೆ ಗೋಡೆ ಹಿಡಿದು ನಡೆದು ಬಾಗಿಲ ಸಂದಿಯಲ್ಲಿ ಇಣುಕಿದರು.

ಸೊಸೆ ನೆಲಕ್ಕೆ ಮೈಚಾಚಿ ಮಲಗಿದ್ದಳು. ಒಂದು ಮರದ ತುಂಡನ್ನು ಯಂತ್ರದ ಮುಂದಿನ ಅಂಚಿಗೆ ಕೊಟ್ಟು ಮೀಟಿ, ಎತ್ತಿದ ಕಾಲಿನಡಿಗೆ ಮಡಿಸಿದ ಹಳೆಯ ಬಟ್ಟೆ ತುರುಕುತ್ತಿದ್ದಳು. ಒಂದು ಕಾಲಾಯಿತು, ಇನ್ನೊಂದು ಕಾಲಾಯಿತು. ಎದ್ದು, ಒಂದು ಲೋಟದಲ್ಲಿ ಅರ್ಧ ನೀರು ತುಂಬಿ ಯಂತ್ರದ ತಲೆಯ ಮೇಲಿಟ್ಟು, ಕತ್ತು ಓರೆ ಮಾಡಿ ನೀರಿನ ಅಂಚನ್ನು ನೋಡಿದಳು. ಅದು ಅವರದೇ ಭಂಗಿ. ಯಾವಾಗ ಕಲಿತಳೋ!

ಆ ಬಟ್ಟೆ ಮೇಸ್ತ್ರಿಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಅದನ್ನು ಕೊಕ್ಕೆ ಕಡ್ಡಿಯಿಂದ ಎಳೆದು ತೆಗೆಯುತ್ತಿದ್ದವರೇ ಅವರು. ನೀರು ಹರಿಯುವ ನೆಲದ ಮೇಲೆ ಚಿಂದಿ ಬಿದ್ದಿರುವುದೆಂದರೆ ಅವರ ಕಣ್ಣಿಗೆ ಮುಳ್ಳು. ಎಳೆಯಲು ಬಹಳ ಬಿಗಿಯಾಗಿರುತ್ತಿತ್ತು. ಆದರೂ, ನಡುಗುವ ಯಂತ್ರ ತಾನೇ ಚಿಂದಿಯನ್ನು ಕಾಲಡಿಗೆ ಎಳೆದುಕೊಂಡಿದೆ ಎಂದು ತೀರ್ಮಾನಿಸಿ, ಬೈದು, ಕಿತ್ತು, ಒಗೆದು ಬುಟ್ಟಿಗೆ ಹಾಕುತ್ತಿದ್ದರು. ಮಧ್ಯಾಹ್ನ ಇವಳು ಇಡುವುದು, ಬೆಳಿಗ್ಗೆ ಇವರು ತೆಗೆಯುವುದು. ಬೆಳಿಗ್ಗೆ ಅವಳು ಮತ್ತೆ ಇಡೋಣವೆಂದರೆ ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತವರು ಯಾರು? ಇವರೇ.

ಇನ್ನು ಬಾಕಿ ಉಳಿದದ್ದು ಒಂದೇ ವಿಷಯ, ಬಟ್ಟೆ ಇಟ್ಟರೆ ಯಾಕೆ ಸರಿಯಾಗುತ್ತದೆ? ಅದು ಹೊಳೆಯಲು ಮೇಸ್ತ್ರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಂಪು ಇರುವುದು ತೊಟ್ಟಿಯ ಹಿಂಭಾಗದಲ್ಲಿ. ನೆಲ ಇಳಿದಿರುವುದು ಮುಂದಕ್ಕೆ. ಯಂತ್ರವೂ ನೆಲದ ಜೊತೆ ಮುಂದಕ್ಕೆ ವಾಲಿದೆ. ಒಳಗಿನ ನೀರು ಪಂಪಿನ ಬಳಿಗೆ ಹೋಗದೆ ಮುಂದಕ್ಕೆ ಬಂದು ನಿಂತು, ಒಂದಿಷ್ಟು ಬಿಸಿಗಾಳಿಗೆ ಸಿಕ್ಕಿ ಮತ್ತೆ ಬಟ್ಟೆಗೇ ಸೇರುತ್ತದೆ, ಉಳಿದದ್ದು ಅಂಚಿನಿಂದ ಸೋರುತ್ತದೆ. ಬಿರುಕೂ ಇಲ್ಲ, ಕರೆಂಟೂ ವೀಕಿಲ್ಲ. ಇಷ್ಟು ದಿನ ಹುಡುಕಿದ ಕಳ್ಳ ಅವರ ನೆಲ. ಅವರ ಕೊನೆಯ ನೆಲ.

ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ತನ್ನಿಂದ ಈ ಹುಡುಗಿ ಮತ್ತೆ ಕಾರ್ಖಾನೆಯಲ್ಲಿ ನಿಲ್ಲುವ ಹಾಗಾಗುತ್ತಿತ್ತಲ್ಲ ಅನ್ನಿಸಿತು. ಬಂದ ಹಾಗೇ ಹೋಗಿ ಮಲಗಿಬಿಡಲೇ, ನಾಳೆಯಿಂದ ಬಟ್ಟೆ ಮುಟ್ಟದಿದ್ದರೆ ಆಯಿತಲ್ಲ ಎಂದೂ ಅನ್ನಿಸಿತು. ಆದರೆ ಮಂಡಿ ಕಟಕ್ ಎಂದಿತು. ಸೊಸೆ ಬೆಚ್ಚಿ ತಿರುಗಿದಳು.

‘ಮಾವ! ನಿದ್ದೆ ಬರಲಿಲ್ವಾ?’

‘ಎಷ್ಟು ದಿನದಿಂದ ಗೊತ್ತು ನಿಂಗೆ?’

ಅವಳು ಲೋಟವನ್ನು ಸೆರಗಿನ ಹಿಂದೆ ಮರೆ ಮಾಡಲು ಹೋಗಿ, ನೀರನ್ನೆಲ್ಲ ಚೆಲ್ಲಿಕೊಂಡಳು. ಚೆಲ್ಲಿದ ನೀರು ಇಬ್ಬರ ನಡುವೆ ಹರಿದು ತೂತಿಗೆ ಹೋಯಿತು.

‘ಮೊದಲ ವಾರದಿಂದ’ ಅಂದಳು. ‘ರಿಪೇರಿಯವನೂ ಅದನ್ನೇ ಹೇಳಿದ. ನಾನೇ ಸುಮ್ಮನಿರು ಅಂದೆ.’

‘ನನಗ್ಯಾಕೆ ಹೇಳಲಿಲ್ಲ?’

‘ಹೇಗೆ ಹೇಳ್ಲಿ? ಈ ನೆಲ ಹಾಕಿದ ದಿನ ನೀವು ನಕ್ಕಿದ್ರಿ. ನೆಲ ಸರಿಯಿಲ್ಲ ಅಂತ ನಿಮಗೆ ಇನ್ನೊಬ್ಬರು ಹೇಳೋದು ನಂಗೆ ಬೇಕಾಗಿರಲಿಲ್ಲ.’ ಮತ್ತೆ ಹೇಳಿದಳು, ‘ಬಟ್ಟೆ ದಿನಾ ಕಿತ್ತು ಬುಟ್ಟಿಗೆ ಹಾಕ್ತಿದ್ರಿ. ನಿಮಗೆ ಗೊತ್ತಾಗಿದೆ, ನೊಂದ್ಕೊಂಡು ಕೀಳ್ತಿದೀರಿ ಅಂದ್ಕೊಂಡೆ.’

‘ನೊಂದ್ಕೊಂಡಾ? ಕಸ ಅಂದ್ಕೊಂಡೆ ತಾಯಿ!’

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ತಡೆಯಲಿಲ್ಲ. ಇಷ್ಟು ದಿನ ಎದೆಯ ಮೇಲೆ ಕಲ್ಲು ಹೊತ್ತುಕೊಂಡು, ಕಳ್ಳಿಯ ಹಾಗೆ ನೆಲದ ಮೇಲೆ ತೆವಳಿದ್ದು ಒಂದು ಕಸಕ್ಕೆ! ಮೇಸ್ತ್ರಿಯೂ ನಕ್ಕರು. ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. ಹೆತ್ತ ಮಗನೂ ಅವರ ನೆಲದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವನಲ್ಲ.

‘ನೆಲ ಸರಿಯಾಗೇ ಇದೆ’ ಎಂದರು ಮುಖ ಒರೆಸಿಕೊಂಡು. ‘ನೀರು ಬೀಳೋ ಕೋಣೆಗೆ ಇಳಿಜಾರು ಇರಲೇಬೇಕು. ಈ ಮಹರಾಯನಿಗೆ ಬೇಕಾಗಿರೋದು ಬೇರೆ. ಇವನಿಗೊಂದು ಕಟ್ಟೆ ಬೇಕು.’

ಆ ವಾರ ಉಳಿದ ದಿನವೆಲ್ಲ ಬಟ್ಟೆ ಕಾಲಡಿಯಲ್ಲೇ ಇತ್ತು. ಮೇಸ್ತ್ರಿ ಬೆಳಿಗ್ಗೆ ಗುಡಿಸುವಾಗ ಅದನ್ನು ಕಂಡರೆ ಕೈ ತುರಿಸುತ್ತಿತ್ತು, ಹೇಗೋ ತಡೆದುಕೊಂಡರು. ಗಂಟುಗಳು ಒಣಗಿ ಹೋದವು. ಮೇಲ್ವಿಚಾರಕಿ ಫೋನು ಮಾಡಲಿಲ್ಲ. ಅವಳು ಫೋನು ಮಾಡದಿರುವುದೇ ಮನೆಗೆ ಶುಭವಾರ್ತೆಯಾಗಿತ್ತು.

ಚಿಕಿತ್ಸಾಲಯಕ್ಕೆ ರಜೆಯಿದ್ದ ದಿನ ಕಟ್ಟೆಯ ಕೆಲಸ ನಡೆಯಿತು. ಮಗನೂ ಮನೆಯಲ್ಲಿದ್ದ, ಯಂತ್ರವನ್ನು ಹೊರಗೆಳೆದುಕೊಟ್ಟು, ಓಣಿಯಲ್ಲಿ ಸಿಕ್ಕಿಹಾಕಿಕೊಂಡು, ಕಿಟಕಿಯಿಂದ ಒಳಗೆ ಬಂದ. ಸೊಸೆ ಗಾರೆ ಕಲಸಿದಳು. ಹಿಂದೆ ತೆಳ್ಳಗೆ, ಮುಂದೆ ದಪ್ಪ, ಮೇಲೆ ಮಟ್ಟ, ಹಾಗಿರಬೇಕು. ಸ್ಟೂಲಿನ ಮೇಲೆ ಕೂತ ಮೇಸ್ತ್ರಿ ಕರಣೆ ಹಿಡಿದರು. ಸೊಸೆ ರಸಮಟ್ಟ ಹಿಡಿದು, ಓರೆಯಾದರೆ ಪಕ್ಕಕ್ಕೆ ಸರಿಯುವ ಅದರ ಗುಳ್ಳೆಯನ್ನೇ ನೋಡುತ್ತ ಕೂತಳು.

‘ಮಾವ, ಮುಂದಕ್ಕೆ ಇಳೀತಿದೆ.’

‘ಹೌದಾ?’

‘ಮತ್ತೆ ಇಳೀತಿದೆ.’

‘ಕೈ ಕೇಳ್ತಿಲ್ಲಮ್ಮಾ. ಎಷ್ಟು ವರ್ಷದ ಚಾಳಿ ಇದು!’

ಕೈ ಕರಣೆಯನ್ನು ಎಳೆದಾಗಲೆಲ್ಲ ತಾನೇ ತಾನಾಗಿ ಕೊಂಚ ಇಳಿಜಾರು ಕೊಟ್ಟುಬಿಡುತ್ತಿತ್ತು. ಸೊಸೆ ‘ಇಲ್ಲಿ’ ಅನ್ನುವಳು, ಅವರು ತುಂಬುವರು, ಎಳೆಯುವರು, ಅವಳು ಮತ್ತೆ ‘ಇಲ್ಲಿ’ ಅನ್ನುವಳು. ಜೀವಮಾನದಲ್ಲಿ ಅಷ್ಟು ಚಿಕ್ಕ ಜಾಗಕ್ಕೆ ಅವರು ಅಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ. ಕೊನೆಗೆ ಗುಳ್ಳೆ ನಡುವೆ ಬಂದು ನಿಂತಿತು. ಸೊಸೆ ಉಸಿರು ಬಿಟ್ಟಳು.

ಕಟ್ಟೆ ಗಟ್ಟಿಯಾದ ಮೇಲೆ ಲೋಟ ತಂದವಳು ಅವಳೇ. ಮೇಸ್ತ್ರಿ ನೀರು ಚೆಲ್ಲಿದರು. ನೀರು ಎಲ್ಲಿಗೂ ಹೋಗಲಿಲ್ಲ. ಚೆಲ್ಲಿದಲ್ಲೇ ದುಂಡಗೆ ಹರಡಿಕೊಂಡು ನಿಂತಿತು. ಮೇಸ್ತ್ರಿ ಕತ್ತನ್ನು ಆ ಕಡೆ ಓರೆ ಮಾಡಿ, ಈ ಕಡೆ ಓರೆ ಮಾಡಿ, ಬಹಳ ಹೊತ್ತು ನೋಡಿದರು. ಬೇರೆ ಯಾರಾದರೂ ಹಾಕಿದ್ದರೆ ಅದನ್ನು ಅಂದೇ ಕಿತ್ತುಹಾಕಿಸುತ್ತಿದ್ದರು.

‘ಒಂದು ಸಾಸಿವೆಯಷ್ಟೂ ಅಲ್ಲಾಡ್ತಿಲ್ಲ’ ಎಂದರು. ಅದು ಹೊಗಳಿಕೆಯೋ ದೂರೋ ಅವರಿಗೇ ಗೊತ್ತಾಗಲಿಲ್ಲ.

ಚಿಕಿತ್ಸಾಲಯದ ಕೆಲಸ ಕಾಯಂ ಆಯಿತು. ಯಂತ್ರ ಈಗ ಕಟ್ಟೆಯ ಮೇಲೆ ನೆಟ್ಟಗೆ ನಿಂತು ಬೆಳಿಗ್ಗೆಯೂ ಸಂಜೆಯೂ ಒಂದೇ ಥರ ತಿರುಗುತ್ತದೆ. ಸೊಸೆಯ ಹಿಮ್ಮಡಿಯ ಊತ ಇಳಿದಿದೆ. ಗಂಟು ಒಣಗಿದ ಮೇಲೆ ಅವಳು ಮೇಲಿನ ಪೆಟ್ಟಿಗೆಯನ್ನು ಎಳೆಯುತ್ತಾಳೆ, ಅದು ತುಂಬಿರುತ್ತದೆ. ಅದನ್ನು ಬಟ್ಟೆ ಒಗೆಯುವ ತೊಟ್ಟಿಗೆ ಸುರಿದರೆ ಮುಗಿಯಿತು, ಪಕ್ಕದಲ್ಲೇ ಇದೆ. ಆದರೆ ಅವಳು ಹಾಗೆ ಮಾಡುವುದಿಲ್ಲ. ‘ಮಾವ, ಬನ್ನಿ’ ಎಂದು ಕೂಗುತ್ತಾಳೆ. ಮೇಸ್ತ್ರಿ ಸ್ಟೂಲು ಎಳೆದುಕೊಂಡು ಬಂದು ಕೂರುತ್ತಾರೆ. ಅವಳು ಹಿಂದಿನ ಗೋಡೆಯ ಬುಡದಲ್ಲಿ ನೀರನ್ನೆಲ್ಲ ಅವರ ನೆಲದ ಮೇಲೆ ಸುರಿಯುತ್ತಾಳೆ, ಅದು ತೂತಿಗೆ ಹೋಗಿ ಗಳಕ್ ಎನ್ನುವ ತನಕ ಇಬ್ಬರೂ ಸುಮ್ಮನೆ ನೋಡುತ್ತಾರೆ.